ಬೇಡ ಎಂದವರಿಗೆ ಏನು ತೋರಿಸಬೇಕು: ಹೊಲಿಗೆ ಕೋರ್ಸಿಗೆ ನಾವು ಡೌನ್‌ಸೆಲ್ ಜೋಡಿಸಿದ ಬಗೆ

ನನ್ನ ಅತ್ತಿಗೆ ತಿಪಟೂರಿನಲ್ಲಿ ಬ್ಲೌಸ್ ಹೊಲಿಗೆ ಕಲಿಸುತ್ತಾರೆ. ಅಂಗಡಿಯ ಮೇಲಿನ ಕೋಣೆಯಲ್ಲಿ ಶುರುವಾದ ತರಗತಿ ಈಗ ಹೆಚ್ಚುಕಡಿಮೆ ಫೋನಿನಲ್ಲೇ ನಡೆಯುತ್ತದೆ. ಕಲಿಸುವುದು ಅವರ ಪಾಲು. ವೆಬ್ ಪುಟ ಮಾಡುವುದು, ಜಾಹೀರಾತು ಹಾಕುವುದು, ಹಣ ಬಂತೋ ಇಲ್ಲವೋ ನೋಡುವುದು ನನ್ನ ಪಾಲು. ನಮ್ಮ ಫನಲ್, ಅಂದರೆ ನೋಡಿದವರನ್ನು ಹಂತಹಂತವಾಗಿ ಕೊಳ್ಳುವವರೆಗೆ ತರುವ ದಾರಿ, ದೊಡ್ಡದೇನಲ್ಲ. ಇನ್‌ಸ್ಟಾಗ್ರಾಂನಲ್ಲಿ ಒಂದು ರೀಲ್, ಅದರಿಂದ ಉಚಿತ ತರಗತಿಗೆ ಲಿಂಕ್. ಹೆಸರು, ವಾಟ್ಸಾಪ್ ನಂಬರ್ ಕೊಟ್ಟವರಿಗೆ ಸಂಜೆ ಲೈವ್ ಪಾಠ. ಪಾಠ ಮುಗಿಯುವಾಗ 2,999 ರೂಪಾಯಿಯ ಪೂರ್ತಿ ಕೋರ್ಸಿನ ಪುಟ. ಸಾದಾ ಬ್ಲೌಸ್, ಕಟೋರಿ, ಪ್ರಿನ್ಸೆಸ್ ಕಟ್, ಲೈನಿಂಗ್, ಪೈಪಿಂಗ್, ಡಿಸೈನ್ ಕುತ್ತಿಗೆ ಎಲ್ಲವೂ ಅದರಲ್ಲಿದೆ.

ಉಚಿತ ಪಾಠ ಕೇಳಿದವರಲ್ಲಿ ಬಹುಪಾಲು ಜನ ಕೋರ್ಸ್ ಕೊಳ್ಳುವುದಿಲ್ಲ. ಯಾವ ಆನ್‌ಲೈನ್ ವ್ಯಾಪಾರದಲ್ಲೂ ಇದು ಮಾಮೂಲಿ. ಕೊಳ್ಳದೆ ಹೋಗುವವರಿಗೆ ಕಡಿಮೆ ಬೆಲೆಯ ಇನ್ನೊಂದನ್ನು ಮುಂದಿಡುವುದಕ್ಕೆ ಡೌನ್‌ಸೆಲ್ ಅನ್ನುತ್ತಾರೆ. ರೇಷ್ಮೆ ಸೀರೆ ನೋಡಿ ಎದ್ದವರನ್ನು ಮತ್ತೆ ಕೂರಿಸಿ ಕಾಟನ್ ಬಿಚ್ಚಿ ತೋರಿಸುವ ಜವಳಿ ಅಂಗಡಿಯವರು ಮಾಡುವುದೂ ಅದನ್ನೇ. ಆದರೆ ಅವರಿಗೆ ಗಿರಾಕಿಯ ಮುಖ ಕಾಣುತ್ತದೆ, ನಮಗೆ ಕಾಣುವುದಿಲ್ಲ. ಆದ್ದರಿಂದ ಬೆಲೆ ಎಷ್ಟಿಡಬೇಕು ಅನ್ನುವುದಕ್ಕಿಂತ, ಬೇಡ ಅಂದದ್ದು ಯಾಕೆ ಎಂದು ತಿಳಿದುಕೊಳ್ಳುವುದೇ ಈ ಕೆಲಸದಲ್ಲಿ ದೊಡ್ಡದು.

ಅತ್ತಿಗೆ ಮೊದಲೇ ಒಂದು ಷರತ್ತು ಹಾಕಿದ್ದರು. "ನೋಡಪ್ಪ, ಪೂರ್ತಿ ಕೋರ್ಸನ್ನು ಮಾತ್ರ ಯಾರಿಗೂ ಕಮ್ಮಿಗೆ ಕೊಡಬೇಡ. ಹೋದ ವಾರ ಮೂರು ಸಾವಿರ ಕೊಟ್ಟು ಸೇರಿದವಳಿಗೆ, ಪಕ್ಕದ ಮನೆಯವಳಿಗೆ ಸಾವಿರಕ್ಕೇ ಸಿಕ್ತು ಅಂತ ಗೊತ್ತಾದರೆ ನಾಳೆ ನನ್ನ ಮುಖ ನೋಡ್ತಾಳಾ?" ನಾನು ವ್ಯಾಪಾರದ ಲೆಕ್ಕದಲ್ಲಿ ಯೋಚಿಸುತ್ತಿದ್ದೆ, ಅವರು ಮರ್ಯಾದೆಯ ಲೆಕ್ಕದಲ್ಲಿ. ಕೊನೆಗೆ ಎರಡೂ ಒಂದೇ ಕಡೆ ಬಂದು ನಿಂತವು. ಹೆಂಗಸರ ವಾಟ್ಸಾಪ್ ಗುಂಪುಗಳಲ್ಲಿ ಬೆಲೆಯ ಸುದ್ದಿ ಹರಡಲು ಒಂದು ಸಂಜೆ ಸಾಕು. ಬೇಡ ಅಂದರೆ ಅದೇ ಕೋರ್ಸ್ ಅಗ್ಗಕ್ಕೆ ಸಿಗುತ್ತದೆ ಎಂದು ಒಮ್ಮೆ ತಿಳಿದುಬಿಟ್ಟರೆ, ಆಮೇಲೆ ಎಲ್ಲರೂ ಮೊದಲು ಬೇಡ ಅನ್ನುತ್ತಾರೆ. ಹಾಗಾಗಿ ಬೆಲೆ ಇಳಿಸಿದರೆ ಕೊಡುವ ಸಾಮಾನೂ ಚಿಕ್ಕದಾಗಬೇಕು ಅನ್ನುವುದು ನಮ್ಮಲ್ಲಿ ನಿಯಮವಾಯಿತು.

ಅಮೆರಿಕದವರು ಹೇಳಿಕೊಡುವ ಪದ್ಧತಿ ನಮ್ಮಲ್ಲಿ ಪೂರ್ತಿ ನಡೆಯುವುದಿಲ್ಲ. ಅಲ್ಲಿ ಗಿರಾಕಿ ಒಮ್ಮೆ ಕಾರ್ಡಿನ ವಿವರ ಕೊಟ್ಟರೆ ಸಾಕು, ಮುಂದಿನ ಪುಟದಲ್ಲಿ ಇನ್ನೊಂದು ತೋರಿಸಿ "ಹೌದು" ಒತ್ತಿಸಿದರೆ ಹಣ ಬಂದುಬಿಡುತ್ತದೆ. ಅದು ಬೇಡವಾದರೆ ಅದಕ್ಕಿಂತ ಚಿಕ್ಕದು, ಅದಕ್ಕೂ ಒಂದೇ ಒತ್ತು. ನಮ್ಮಲ್ಲಿ ಸಾಮಾನ್ಯವಾಗಿ ಕಾರ್ಡಾದರೆ ಒಟಿಪಿ ಬೇಕು, ಯುಪಿಐ ಆದರೆ ಪಿನ್ ಹಾಕಬೇಕು. 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಗಿರಾಕಿಯ ಕಾರ್ಡ್ ನಂಬರನ್ನು ತಮ್ಮ ಬಳಿ ಇಟ್ಟುಕೊಳ್ಳುವುದಕ್ಕೂ ರಿಸರ್ವ್ ಬ್ಯಾಂಕಿನ ತಡೆ ಇದೆ. ಗಿರಾಕಿಯ ಕಡೆಯಿಂದ ನೋಡಿದರೆ ಇದು ಒಳ್ಳೆಯದೇ. ಆದರೆ ಒಮ್ಮೆ ಹಣ ಕಟ್ಟಿ ಮುಗಿಸಿದವರನ್ನು ಮತ್ತೆ ಪಿನ್ ಹಾಕುವಂತೆ ಕೇಳುವುದು ಬೇರೆಯೇ ಒಂದು ಮಾರಾಟ. ಅದಕ್ಕಾಗಿ ನಮ್ಮ ಚಿಕ್ಕ ಆಫರ್‌ಗಳನ್ನೆಲ್ಲ ಹಣ ಕಟ್ಟುವ ಹಂತಕ್ಕೆ ಮೊದಲೇ ಇಟ್ಟೆವು. ಹಣ ಕಟ್ಟಿದವರಿಗೆ ಮತ್ತೇನೂ ತೋರಿಸುವುದಿಲ್ಲ, ತರಗತಿಯ ಲಿಂಕ್ ಕಳಿಸಿ ಸುಮ್ಮನಾಗುತ್ತೇವೆ.

ಇನ್ನೊಂದು ತಂತ್ರವೂ ನಮಗೆ ಒದಗಲಿಲ್ಲ. ಗಿರಾಕಿಯ ಮೌಸ್ ಪುಟದ ಮೇಲ್ತುದಿಗೆ ಹೋದ ತಕ್ಷಣ "ಹೋಗುವ ಮುನ್ನ ನಿಲ್ಲಿ" ಎಂದು ಪೆಟ್ಟಿಗೆ ತೆರೆಯುತ್ತದಲ್ಲ, ಅದಕ್ಕೆ ಮೌಸ್ ಇರಬೇಕು. ನಮ್ಮವರು ನೋಡುವುದು ಫೋನಿನಲ್ಲಿ, ಅದೂ ಒಗ್ಗರಣೆಗೂ ಕುಕ್ಕರ್ ಕೂಗಿಗೂ ನಡುವೆ. ಪುಟದ ಕೆಳಗೆ "ಈಗ ಬೇಡ" ಎಂದು ಒಂದು ಸಣ್ಣ ಲಿಂಕ್ ಇಟ್ಟು ನೋಡಿದೆ. ಒತ್ತಿದವರು ಕೆಲವರಷ್ಟೇ, ಉಳಿದವರು ಪುಟ ಮುಚ್ಚಿ ಹೋದರು. ನಮಗೆ ನಿಜವಾದ ಬಾಗಿಲು ವಾಟ್ಸಾಪ್.

ಚಿಕ್ಕ ಆಫರ್ ಮಾಡುವ ಮೊದಲು ಹಳೆಯ ಚಾಟ್‌ಗಳನ್ನು ಓದುತ್ತ ಕೂತೆ. ಈ ಕೆಲಸ ಮಾಡಹೊರಟವರಿಗೆ ನಾನು ಮೊದಲು ಹೇಳುವುದು ಇದನ್ನೇ. ಸೇರದೆ ಹೋದವರು ಬರೆದ ಮಾತುಗಳನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿದೆ. "ಸಂಬಳ ಆಗ್ಲಿ ಅಕ್ಕ, ನೋಡೋಣ." "ಮನೇಲಿ ಕೇಳಿ ಹೇಳ್ತೀನಿ ಮೇಡಂ." "ಮಗು ಚಿಕ್ಕದು, ಕೂತ್ಕೊಳ್ಳೋಕೆ ಆಗಲ್ಲ." ಇವು ನಿರೀಕ್ಷಿಸಿದವೇ. ನಿರೀಕ್ಷಿಸದೇ ಇದ್ದದ್ದು ಇದು: "ನನಗೆ ಹೊಲಿಯೋಕೆ ಬರುತ್ತೆ ಮೇಡಂ, ಕಂಕುಳ ಹತ್ರ ಸುಕ್ಕು ಬರುತ್ತೆ, ಅದೊಂದು ಹೇಳ್ಕೊಡ್ತೀರಾ?" ಇದೇ ಮಾತು ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬಂದಿತ್ತು. ಕೋರ್ಸ್ ದುಬಾರಿ ಎಂದು ಇವರು ಬಿಟ್ಟದ್ದಲ್ಲ. ಗೊತ್ತಿರುವುದಕ್ಕೂ ಸೇರಿಸಿ ದುಡ್ಡು ಕೊಡಬೇಕಲ್ಲ ಎಂದು ಬಿಟ್ಟದ್ದು. ಇವರಿಗೆ ರಿಯಾಯಿತಿ ಕೊಟ್ಟು ಏನು ಪ್ರಯೋಜನ?

ಕಾರಣಗಳು ಬೇರೆಬೇರೆ ಇದ್ದಮೇಲೆ ಆಫರೂ ಒಂದೇ ಆಗಬಾರದು. ಉಚಿತ ಪಾಠ ಕೇಳಿ ಕೊಳ್ಳದವರಿಗೆ ಮರುದಿನ ಮಧ್ಯಾಹ್ನ, ಊಟದ ಕೆಲಸ ಮುಗಿಯುವ ಹೊತ್ತಿಗೆ, ಅತ್ತಿಗೆಯ ಹೆಸರಿನಲ್ಲಿ ಒಂದು ಮೆಸೇಜ್ ಹೋಗುತ್ತದೆ. "ಕೋರ್ಸ್ ಸೇರಲಿಲ್ಲ, ಪರವಾಗಿಲ್ಲ. ಕಾರಣ ತಿಳಿದರೆ ನನಗೆ ಅನುಕೂಲ. 1 ಅಂದರೆ ಒಟ್ಟಿಗೆ ಅಷ್ಟು ಹಣ ಆಗುವುದಿಲ್ಲ. 2 ಅಂದರೆ ಈಗ ಸಮಯ ಇಲ್ಲ. 3 ಅಂದರೆ ಒಂದು ವಿಷಯ ಕಲಿತರೆ ಸಾಕು. 4 ಅಂದರೆ ಬೇಡ." ಒಂದು ಅಂಕಿ ಒತ್ತುವುದು ಸುಲಭ, ಜನ ಒತ್ತುತ್ತಾರೆ. ಉತ್ತರಗಳನ್ನು ವಾಟ್ಸಾಪ್ ಬಿಸಿನೆಸ್ ಆ್ಯಪಿನ ಕ್ವಿಕ್ ರಿಪ್ಲೈನಲ್ಲಿ ಮೊದಲೇ ಉಳಿಸಿಟ್ಟಿದ್ದೇನೆ, ಯಾರು ಯಾವ ಕಾರಣಕ್ಕೆ ಹೋದರು ಎಂದು ಲೇಬಲ್ ಹಾಕುತ್ತೇನೆ. ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿ ನಂಬಿ ಕೂರಬೇಡಿ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಅದಕ್ಕೇ ಉಚಿತ ಪಾಠದ ಶುರುವಿನಲ್ಲೇ ಅತ್ತಿಗೆ "ನನ್ನ ನಂಬರ್ ಸೇವ್ ಮಾಡ್ಕೊಳ್ಳಿ, ಅಳತೆಯ ಚಾರ್ಟ್ ಕಳಿಸ್ತೀನಿ" ಅನ್ನುತ್ತಾರೆ, ಕಳಿಸುತ್ತಾರೆ ಕೂಡ.

1 ಒತ್ತಿದವರಿಗೆ ಎರಡು ಕಂತು. ಈಗ 1,499, ತಿಂಗಳ ನಂತರ 1,500. ಒಟ್ಟು ಬೆಲೆ ಅಷ್ಟೇ, ಬಾಗಿಲು ಮಾತ್ರ ತಗ್ಗು. ಮೊದಲ ಕಂತಿಗೆ ಕೋರ್ಸಿನ ಅರ್ಧ ತೆರೆಯುತ್ತದೆ. ಖಾತೆಯಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆ ಸಿಗುತ್ತದೆ, ಆದರೆ ಬಳಸಲಿಲ್ಲ. "ಅಕೌಂಟಿಂದ ತಾನೇ ಹೋಗುತ್ತೆ" ಅನ್ನುವ ಮಾತು ಕೇಳಿದರೇ ನಮ್ಮ ಕಡೆ ಜನ ಹಿಂದೆ ಸರಿಯುತ್ತಾರೆ. ಎರಡನೇ ಕಂತಿಗೆ ಲಿಂಕ್ ಕಳಿಸುತ್ತೇವೆ. ಕೆಲವರು ಕಟ್ಟುವುದಿಲ್ಲ, ಅವರಿಗೆ ಉಳಿದರ್ಧ ತೆರೆಯುವುದಿಲ್ಲ. ಕಲಿತಷ್ಟಕ್ಕೆ ಕಟ್ಟಿದ್ದಾರೆ, ಲೆಕ್ಕ ಚುಕ್ತಾ.

2 ಒತ್ತಿದವರಿಗೆ ಏನನ್ನೂ ಮಾರುವುದಿಲ್ಲ. ಸಮಯವಿಲ್ಲ ಅಂದವರಿಗೆ ಅಗ್ಗದ್ದು ತೋರಿಸಿದರೆ ಅದನ್ನೂ ಕೊಂಡು ಮೂಲೆಗಿಡುತ್ತಾರೆ, ಆಮೇಲೆ ದೊಡ್ಡದನ್ನೂ ಕೊಳ್ಳುವುದಿಲ್ಲ. ಮುಂದಿನ ಬ್ಯಾಚಿನ ದಿನ ತಿಳಿಸುತ್ತೇವೆ, ಅಷ್ಟೇ.

3 ಒತ್ತಿದವರನ್ನು ಮತ್ತೊಂದು ಪ್ರಶ್ನೆ ಕೇಳಿ ಎರಡು ದಾರಿಯಲ್ಲಿ ಒಂದಕ್ಕೆ ಕಳಿಸುತ್ತೇವೆ. ಒಂದು, 499 ರೂಪಾಯಿಯ ಕಂಕುಳಿನ ಪಾಠ. ಆರ್ಮ್‌ಹೋಲ್‌ನ, ಅಂದರೆ ತೋಳು ಕೂಡಿಸುವ ಜಾಗದ, ಮುಂಭಾಗದ ತಿರುವನ್ನು ಹಿಂಭಾಗಕ್ಕಿಂತ ಸುಮಾರು ಅರ್ಧ ಇಂಚು ಒಳಗೆ ತೆಗೆಯಬೇಕು. ಎರಡನ್ನೂ ಒಂದೇ ಸಮ ಕತ್ತರಿಸಿದರೆ ಮುಂದುಗಡೆ ಬಟ್ಟೆ ಹೆಚ್ಚಾಗಿ ಕಂಕುಳ ಬಳಿ ಗುಡ್ಡೆಯಾಗುತ್ತದೆ. ಇದನ್ನು ಅತ್ತಿಗೆ ಬರೀ ಬಾಯಲ್ಲಿ ಹೇಳುವುದಿಲ್ಲ. ಸುಕ್ಕು ಬಿದ್ದ ಒಂದು ಬ್ಲೌಸನ್ನು ಬಿಚ್ಚಿ, ತಿದ್ದಿ, ಮತ್ತೆ ಹೊಲಿದು, ತೊಟ್ಟು ತೋರಿಸುತ್ತಾರೆ. ಕೋರ್ಸಿನೊಳಗಿನ ಒಂದು ವೀಡಿಯೊ ಕತ್ತರಿಸಿ ಕೊಡೋಣ ಎಂದು ನಾನು ಹೇಳಿದ್ದೆ, ಅವರು ಒಪ್ಪಲಿಲ್ಲ, ಹೊಸದಾಗಿಯೇ ಮಾಡಿದರು. ಒಳ್ಳೆಯದೇ ಆಯಿತು. ತುಂಡು ಪಾಠ ತುಂಡಾಗಿಯೇ ಕಾಣುತ್ತದೆ. ಇದು ಒಂದು ತೊಂದರೆಯನ್ನು ಹಿಡಿದು ಮುಗಿಸುತ್ತದೆ. 499 ಕಟ್ಟಿದವರು ಮೂವತ್ತು ದಿನದೊಳಗೆ ಪೂರ್ತಿ ಕೋರ್ಸ್ ಸೇರಿದರೆ ಆ ಹಣವನ್ನು 2,999ರಲ್ಲಿ ಕಳೆಯುತ್ತೇವೆ. ಇದು ರಿಯಾಯಿತಿ ಅಲ್ಲ, ಕೊಟ್ಟದ್ದರ ಜಮೆ. ಅತ್ತಿಗೆಯ ಷರತ್ತಿಗೂ ಧಕ್ಕೆಯಿಲ್ಲ.

ಇನ್ನೊಂದು, 299 ರೂಪಾಯಿಯ ಪೇಪರ್ ಪ್ಯಾಟರ್ನ್. ಮಿಶಿನ್ ಓಡಿಸಲು ಬರುತ್ತದೆ, ಡ್ರಾಫ್ಟಿಂಗ್ (ಅಳತೆ ಹಿಡಿದು ಕತ್ತರಿಸುವ ಗೆರೆ ಬರೆಯುವುದು) ಬರುವುದಿಲ್ಲ ಅನ್ನುವವರಿಗೆ. ಎ4 ಹಾಳೆಗಳ ಪಿಡಿಎಫ್, ಪ್ರಿಂಟ್ ಹಾಕಿಸಿ ಅಂಟಿಸಿ ಬಟ್ಟೆಯ ಮೇಲಿಟ್ಟು ಕತ್ತರಿಸುವುದು. ಇಲ್ಲಿ ಎಚ್ಚರ ಬೇಕಾದದ್ದು ಝೆರಾಕ್ಸ್ ಅಂಗಡಿಯಲ್ಲಿ. ಪ್ರಿಂಟ್ ಕೊಡುವಾಗ "ಫಿಟ್ ಟು ಪೇಜ್" ಆಯ್ಕೆ ಇದ್ದರೆ ಚಿತ್ರ ಸ್ವಲ್ಪ ಕುಗ್ಗುತ್ತದೆ. ಶೇಕಡಾ ನಾಲ್ಕು ಕುಗ್ಗಿದರೂ 36ರ ಎದೆಯಳತೆಯಲ್ಲಿ ಹೆಚ್ಚುಕಡಿಮೆ ಒಂದೂವರೆ ಇಂಚು ಹೋಯಿತು, ಬ್ಲೌಸ್ ಹುಕ್ ಹಾಕಲು ಬರುವುದಿಲ್ಲ. ಆದ್ದರಿಂದ ಮೊದಲ ಹಾಳೆಯ ಮೂಲೆಯಲ್ಲಿ ಎರಡು ಇಂಚಿನ ಒಂದು ಚೌಕ ಬರೆದು, "ಟೇಪ್ ಹಿಡಿದು ನೋಡಿ, ಸರಿ ಎರಡು ಇಂಚು ಇಲ್ಲದಿದ್ದರೆ ಕತ್ತರಿಸಬೇಡಿ, 100% ಸೈಜಿಗೆ ಮತ್ತೆ ಪ್ರಿಂಟ್ ಹಾಕಿಸಿ" ಎಂದು ದಪ್ಪಕ್ಷರದಲ್ಲಿ ಹಾಕಿದ್ದೇವೆ. ಅಂಗಡಿಯವರಿಗೆ ತೋರಿಸಲು ಒಂದು ಸಾಲಿನ ಚೀಟಿಯೂ ಪಿಡಿಎಫ್ ಜೊತೆ ಹೋಗುತ್ತದೆ. ಅಗ್ಗದ ವಸ್ತು ಕೊಂಡವರು ದೂರು ಕಡಿಮೆ ಹೇಳುತ್ತಾರೆ ಅನ್ನುವುದು ಸುಳ್ಳು. 299 ಕೊಟ್ಟವರೂ ರೇಷ್ಮೆ ಸೀರೆಯ ಬ್ಲೌಸ್ ಪೀಸನ್ನೇ ಕತ್ತರಿಸಲು ಕೂತಿರುತ್ತಾರೆ.

ಇನ್ನು ಲೆಕ್ಕ. ಆನ್‌ಲೈನ್ ಕೋರ್ಸಿಗೆ 18% ಜಿಎಸ್‌ಟಿ, ನಾವು ಬೆಲೆಯಲ್ಲೇ ಸೇರಿಸಿದ್ದೇವೆ. 299ರಲ್ಲಿ ತೆರಿಗೆ ಕಳೆದರೆ 253 ಚಿಲ್ಲರೆ. ಆನ್‌ಲೈನ್ ಹಣ ಪಡೆದು ನಮಗೆ ದಾಟಿಸುವ ಪೇಮೆಂಟ್ ಗೇಟ್‌ವೇ 2% ಹಿಡಿದು, ಅದರ ಮೇಲೂ ಜಿಎಸ್‌ಟಿ ಹಾಕಿದರೆ ಇನ್ನೊಂದು ಏಳು ರೂಪಾಯಿ. ಕೈಗೆ ಉಳಿಯುವುದು 246. ಅದೇ ಲೆಕ್ಕದಲ್ಲಿ 2,999ಕ್ಕೆ 2,470. ಅಂದರೆ ಪೂರ್ತಿ ಕೋರ್ಸ್ ಸೇರಬೇಕಿದ್ದ ಒಬ್ಬರು ಪ್ಯಾಟರ್ನ್ ನೋಡಿ "ಇದೇ ಸಾಕು" ಎಂದು ಅತ್ತ ಹೋದರೆ, ಆ ಒಬ್ಬರ ನಷ್ಟ ತುಂಬಲು ಅವರನ್ನು ಬಿಟ್ಟು ಇನ್ನೂ ಒಂಬತ್ತು ಪ್ಯಾಟರ್ನ್ ಮಾರಬೇಕು. ಅದೂ ಬರೀ ಸಮಕ್ಕೆ ಬರಲು. ಚಿಕ್ಕ ಆಫರನ್ನು ಕೋರ್ಸಿನ ಪುಟದಲ್ಲೇ ಪಕ್ಕಕ್ಕೆ ಯಾಕೆ ಇಡಬಾರದು ಎಂದು ಕೇಳುವವರಿಗೆ ನನ್ನ ಉತ್ತರ ಈ ಲೆಕ್ಕ. ನಮ್ಮ ಪುಟದಲ್ಲಿ ಪ್ಯಾಟರ್ನಿನ ಹೆಸರೇ ಇಲ್ಲ. ಕಾರಣ ಹೇಳಿದವರಿಗೆ ಮಾತ್ರ ಅದು ಕಾಣುತ್ತದೆ.

ಹಾಗಾದರೆ ಲಾಭವಾಗುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಎಷ್ಟು ಪ್ಯಾಟರ್ನ್ ಹೋಯಿತು ಎಂದು ಎಣಿಸಿದರೆ ಏನೂ ತಿಳಿಯುವುದಿಲ್ಲ. ಒಂದು ವಾರ ತೋರಿಸಿ ಇನ್ನೊಂದು ವಾರ ನಿಲ್ಲಿಸಿದರೂ ಆಗುವುದಿಲ್ಲ. ತಿಂಗಳ ಮೊದಲ ವಾರದ ಕೈಯೇ ಬೇರೆ, ಕೊನೆಯ ವಾರದ ಕೈಯೇ ಬೇರೆ. ನಾನು ಫೋನ್ ನಂಬರಿನ ಕೊನೆಯ ಅಂಕಿ ಹಿಡಿದೆ. ಬೆಸ ಅಂಕಿಯವರಿಗೆ ಕಾರಣ ಕೇಳುವ ಮೆಸೇಜ್ ಮತ್ತು ಅದರ ಹಿಂದಿನ ಆಫರ್, ಸಮ ಅಂಕಿಯವರಿಗೆ ಹಿಂದಿನಂತೆ ಕೋರ್ಸಿನ ನೆನಪೋಲೆ ಮಾತ್ರ. ಎರಡೂ ಗುಂಪಿನಲ್ಲಿ ಉಚಿತ ಪಾಠಕ್ಕೆ ಬಂದ ಪ್ರತಿ ನೂರು ಜನರಿಂದ ಒಟ್ಟು ಎಷ್ಟು ಹಣ ಬಂತು, ರೀಫಂಡ್ ಕಳೆದು ಎಷ್ಟು ಉಳಿಯಿತು, ಅಷ್ಟೇ ನೋಡಿದೆ. ಬೆಸ ಗುಂಪು ಮುಂದಿತ್ತು. ಮುಂದೆ ಹೋಗಲು ಕಾರಣ ಪ್ಯಾಟರ್ನ್ ಅಲ್ಲ, ಕಂತು ಮತ್ತು 499ರಿಂದ ಮೇಲೆ ಹತ್ತಿದವರು. 299 ತನ್ನ ಜಾಹೀರಾತಿನ ಖರ್ಚು ಹೊತ್ತುಕೊಂಡರೆ ಹೆಚ್ಚು.

ಮಾಡದೇ ಬಿಟ್ಟ ಕೆಲವೂ ಇವೆ. ಪುಟ ಮಾಡಿಕೊಡುವವರು ಸಿದ್ಧ ಟೆಂಪ್ಲೇಟ್ ತೋರಿಸಿದರು: ಹದಿನೈದು ನಿಮಿಷದ ಗಡಿಯಾರ, ಪುಟ ರಿಫ್ರೆಶ್ ಮಾಡಿದರೆ ಮತ್ತೆ ಹದಿನೈದು. ಕೆಳಗೆ ನಿರಾಕರಿಸುವ ಬಟನ್ನಿನ ಮೇಲೆ "ಬೇಡ, ನನಗೆ ಚೆನ್ನಾಗಿ ಹೊಲಿಯುವ ಆಸೆ ಇಲ್ಲ". ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ, ಗಿರಾಕಿಯನ್ನು ದಾರಿ ತಪ್ಪಿಸುವ ಪುಟದ ತಂತ್ರಗಳ (ಡಾರ್ಕ್ ಪ್ಯಾಟರ್ನ್) ಮಾರ್ಗಸೂಚಿಯಲ್ಲಿ ಹದಿಮೂರು ಬಗೆಗಳ ಪಟ್ಟಿ ಇದೆ. ಸುಳ್ಳು ಅವಸರ ಹುಟ್ಟಿಸುವುದು, ಬೇಡ ಅನ್ನುವವರನ್ನು ನಾಚಿಸುವುದು, ಕೇಳದೆ ಬುಟ್ಟಿಗೆ ಸಾಮಾನು ಸೇರಿಸುವುದು ಮೂರೂ ಅದರಲ್ಲಿವೆ. ಕಾನೂನು ಇಲ್ಲದಿದ್ದರೂ ಆ ಬಟನ್ನನ್ನು ಅತ್ತಿಗೆಗೆ ತೋರಿಸುವ ಧೈರ್ಯ ನನಗಿರಲಿಲ್ಲ. ನಮ್ಮಲ್ಲಿ 4 ಒತ್ತಿದವರಿಗೆ ಹೋಗುವುದು "ಆಯ್ತು, ಬಿಡುವಾದಾಗ ಉಚಿತ ಪಾಠಕ್ಕೆ ಬನ್ನಿ" ಎಂಬ ಒಂದು ಸಾಲು. ಆಮೇಲೆ ಆ ನಂಬರಿಗೆ ನಾವಾಗಿ ಏನೂ ಕಳಿಸುವುದಿಲ್ಲ.

ಶ್ರಾವಣ ಹತ್ತಿರ ಬಂದಾಗ ಈ ಕ್ರಮವನ್ನೇ ಸ್ವಲ್ಪ ಬದಲಿಸುತ್ತೇವೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚಿನ ವಾರಗಳಲ್ಲಿ ಕಲಿಯುವವರೂ ಅಕ್ಕಪಕ್ಕದವರ ಬ್ಲೌಸ್ ಹೊಲಿಯುವುದರಲ್ಲಿ ಮುಳುಗಿರುತ್ತಾರೆ, ಉತ್ತರಗಳಲ್ಲಿ 2 ಏರುತ್ತದೆ. ಆಗ ಕಂತಿನ ಮಾತು ಎತ್ತುವುದಿಲ್ಲ. ಕೇಳಿದವರಿಗೆ ಪ್ಯಾಟರ್ನ್ ಕೊಡುತ್ತೇವೆ. ಪೂರ್ತಿ ಕೋರ್ಸಿನ ಬ್ಯಾಚನ್ನು ಗೌರಿ ಹಬ್ಬ ಕಳೆದ ಮೇಲಿನ ಸೋಮವಾರಕ್ಕೆ ಇಡುತ್ತೇವೆ.