ಒಂದು ಚೊಂಬು ನೀರು ಹಾಕು ಅಂತಿದ್ದೆ

ಕೊಪ್ಪಳದ ಹೊರಗಿನ ನಮ್ಮ ಶೆಡ್ಡಿನಲ್ಲಿ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಅಚ್ಚಿಗೆ ಸ್ಲಿಪ್, ಅಂದರೆ ನೀರಲ್ಲಿ ಕದಡಿದ ಮಣ್ಣು, ಹೊಯ್ದು ಕಪ್ಪು, ಹೂದಾನಿ ತೆಗೆಯುತ್ತೇವೆ. ಮೊದಲ ವರ್ಷ ನನಗೆ ಗೊತ್ತಿದ್ದ ಉಪಾಯ ಒಂದೇ: ಗಟ್ಟಿಯಾಯಿತಾ, ಒಂದು ಚೊಂಬು ನೀರು ಹಾಕು. ಸ್ಲಿಪ್ಪೇನೋ ಹರಿಯುತ್ತಿತ್ತು, ಆದರೆ ಕಪ್ಪು ಒಣಗುವಾಗ ಕುಗ್ಗಿ ಹಿಡಿಕೆಯ ಬುಡದಲ್ಲಿ ಸೀಳುತ್ತಿತ್ತು. ಅಚ್ಚುಗಳೂ ನೀರು ಕುಡಿದು ಮಧ್ಯಾಹ್ನಕ್ಕೇ ಸುಸ್ತು.

ನೀರು ಕಡಿಮೆ ಇದ್ದೂ ಹರಿಯಬೇಕೆಂದರೆ ಸೋಡಿಯಂ ಸಿಲಿಕೇಟ್ ಬೇಕು. ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ಜಾಳಿಗೆ ಕಟ್ಟಿಕೊಂಡು ನೀರನ್ನು ಒಳಗೇ ಹಿಡಿದಿಟ್ಟಿರುತ್ತವೆ. ಸಿಲಿಕೇಟ್ ಸೇರಿದರೆ ಕಣಗಳು ಒಂದನ್ನೊಂದು ತಳ್ಳಿ ದೂರ ಸರಿಯುತ್ತವೆ, ಸಿಕ್ಕಿಬಿದ್ದ ನೀರು ಹೊರಬರುತ್ತದೆ. ನಮ್ಮ ಮಣ್ಣಿಗೆ 100 ಕಿಲೋಗೆ 300 ಗ್ರಾಂ ಸಾಕು. ಮುದ್ದೆಯ ಹಾಗೆ ಕೂತಿದ್ದ ಬಕೆಟ್ಟು ಒಂದು ಚಮಚಕ್ಕೆ ಮಜ್ಜಿಗೆಯಾದದ್ದನ್ನು ಮೊದಲ ಸಲ ಕಂಡಾಗ ಮೋಸ ಏನೋ ಇದೆ ಅನ್ನಿಸಿತ್ತು.

ಏಪ್ರಿಲ್‌ನಲ್ಲಿ ನಲ್ಲಿ ನೀರು ನಿಂತು ಬೋರ್‌ವೆಲ್ಲಿಗೆ ಬಂದೆವು. ಅದೇ ಮಣ್ಣು, ಅದೇ ಅಳತೆ. ಸ್ಲಿಪ್ ಮಾತ್ರ ಮೊಸರಿನ ಹಾಗೆ ಹೆಪ್ಪು. ಸಿಲಿಕೇಟ್ ಕೊಡುವವರು ‘ಇನ್ನಷ್ಟು ಹಾಕಿ’ ಅಂದರು. ಹಾಕಿದೆ. ಸ್ವಲ್ಪ ತೆಳ್ಳಗಾಯಿತು, ಮತ್ತೂ ಹಾಕಿದರೆ ತಿರುಗಿ ದಪ್ಪ! ಸೋಡಿಯಂ ಮಿತಿ ಮೀರಿದರೆ ಕಣಗಳ ನಡುವಿನ ಆ ತಳ್ಳಾಟವೇ ಕುಸಿಯುತ್ತದೆ. ಆ ದಿನ ಕಪ್ಪುಗಳು ಅಚ್ಚಿಗೆ ಕಚ್ಚಿಕೊಂಡು ಬಿಡಲೇ ಇಲ್ಲ.

ಕೊನೆಗೆ ಕಳ್ಳ ಸಿಕ್ಕ: ಗಡಸು ನೀರಿನ ಕ್ಯಾಲ್ಸಿಯಂ. ಚದುರಿದ ಕಣಗಳನ್ನು ಅದು ಮತ್ತೆ ಒಟ್ಟುಗೂಡಿಸುತ್ತದೆ. ಅಚ್ಚಿನ ಪಿಒಪಿ ಚೂರು ಬೆರೆತ ಹಳೆಯ ಮಣ್ಣಿನ ತುಣುಕುಗಳನ್ನು ಬಕೆಟ್ಟಿಗೆ ವಾಪಸ್ ಹಾಕಿದರೂ ಇದೇ ಗತಿ, ಅದೂ ಕ್ಯಾಲ್ಸಿಯಂ ಸಲ್ಫೇಟೇ. ಈಗ ಸ್ಲಿಪ್ಪಿಗೆ ಆರ್‌ಒ ನೀರು, ತುಣುಕಿಗೆ ಬೇರೆ ಡಬ್ಬಿ.

ದಿನಾ ಬೆಳಿಗ್ಗೆ ಒಂದು ಲೀಟರ್ ಸ್ಲಿಪ್ ತೂಗುತ್ತೇನೆ. 1750 ಗ್ರಾಂ ಬಂದರೆ ನೀರಿನ ಅಳತೆ ಸರಿ. ಆಮೇಲೆ ಅಡಿಯಲ್ಲಿ ತೂತಿರುವ ಕಪ್ಪಿನಿಂದ ಹರಿಸಿ ಸೆಕೆಂಡು ಎಣಿಸುತ್ತೇನೆ. ಹತ್ತು ನಿಮಿಷ ಸುಮ್ಮನೆ ಬಿಟ್ಟು ಮತ್ತೊಮ್ಮೆ. ಎರಡನೇ ಸಲ ತುಸು ನಿಧಾನ ಆಗಲೇಬೇಕು, ಇಲ್ಲದಿದ್ದರೆ ಅಚ್ಚಿನಿಂದ ತೆಗೆದ ಕಪ್ಪು ಪೆಡಸಾಗಿ ಬಿರುಕು ಬಿಡುತ್ತದೆ. ತೀರಾ ನಿಧಾನವಾದರೆ ಸಿಲಿಕೇಟ್, ಬಿಸಿನೀರಲ್ಲಿ ಕರಗಿಸಿ, ಹನಿ ಹನಿಯಾಗಿ. ಚೊಂಬನ್ನು ಮಾತ್ರ ಶೆಡ್ಡಿನಿಂದ ಹೊರಗಿಟ್ಟಿದ್ದೇನೆ.