ಜರ್ಮನಿಯ ಸಣ್ಣ ಊರಲ್ಲಿ ಕೆಲಸವೇ? ಮೊದಲು ಪೋಸ್ಟ್ ಡಬ್ಬಿಗೆ ಹೆಸರು ಅಂಟಿಸಿ

ಜರ್ಮನಿ ಅಂದರೆ ಬರ್ಲಿನ್, ಮ್ಯೂನಿಕ್ ಅಂದುಕೊಳ್ಳುವವರೇ ಜಾಸ್ತಿ. ಆದರೆ ಅಲ್ಲಿನ ಎಷ್ಟೋ ದೊಡ್ಡ ಕಂಪನಿಗಳು ಸಣ್ಣ ಊರುಗಳಲ್ಲಿವೆ. ಅಡಿಡಾಸ್, ಪೂಮಾ ಎರಡೂ ಹೆರ್ತ್ಸೊಗೆನ್‌ಔರಾಖ್‌ನಲ್ಲಿವೆ, ಎಸ್‌ಎಪಿ ವಾಲ್‌ಡೋರ್ಫ್‌ನಲ್ಲಿದೆ. ಬೆಂಗಳೂರಿನಿಂದ ಇಂಥ ಊರಿಗೆ ಹೋಗುವವರು ಆಫೀಸಿನ ಕೆಲಸಕ್ಕೆ ಚೆನ್ನಾಗಿಯೇ ತಯಾರಾಗಿರುತ್ತಾರೆ. ಎಡವುವುದು ವಿಳಾಸದ ಕಾಗದಪತ್ರದಲ್ಲಿ.

1. ಹೊರಡುವ ಮುಂಚೆ

ವಾರದ ನಡುವೆ ಇಳಿಯುವಂತೆ ಟಿಕೆಟ್ ತೆಗೆಯಿರಿ. ಶನಿವಾರ ರಾತ್ರಿ ತಲುಪಿದರೆ ಭಾನುವಾರ ಅಂಗಡಿ ತೆರೆದಿರುವುದಿಲ್ಲ. ಕುಕ್ಕರ್ ಒಯ್ಯುವುದಾದರೆ ಇಂಡಕ್ಷನ್ ಒಲೆಗೆ ಆಗುವ ಸ್ಟೀಲಿನದೇ ಒಯ್ಯಿರಿ, ಬರೀ ಅಲ್ಯೂಮಿನಿಯಂನದು ಬೇಡ.

2. ಮನೆ

ಬಾಡಿಗೆಯಲ್ಲಿ ಎರಡು ಲೆಕ್ಕ. 'ಕಾಲ್ಟ್' ಅಂದರೆ ಬರೀ ಬಾಡಿಗೆ, 'ವಾರ್ಮ್' ಅಂದರೆ ಹೀಟಿಂಗ್, ನೀರು ಎಲ್ಲ ಸೇರಿ. ಕರೆಂಟ್ ಬಿಲ್ ಸಾಮಾನ್ಯವಾಗಿ ಬೇರೆ. ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲ. ಮೂರು ತಿಂಗಳ ಬರೀ ಬಾಡಿಗೆಗಿಂತ ಹೆಚ್ಚು ಕೇಳಲು ಕಾನೂನು ಬಿಡುವುದಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು.

ಅಡುಗೆಮನೆ ಇದೆಯಾ ಅಂತ ಕೇಳಿ. ತಮಾಷೆಯಲ್ಲ! ಹಿಂದಿನವರು ಒಲೆ, ಸಿಂಕ್, ಕಪಾಟು ಎಲ್ಲ ಬಿಚ್ಚಿಕೊಂಡು ಹೋಗಿರುತ್ತಾರೆ, ಉಳಿದಿರುವುದು ಗೋಡೆಯಲ್ಲಿ ಪೈಪಿನ ತುದಿ ಮಾತ್ರ. 'ನಾನು ಹೊರದೇಶದಲ್ಲಿದ್ದೇನೆ, ದುಡ್ಡು ಹಾಕಿ, ಬೀಗದ ಕೈ ಪೋಸ್ಟಿನಲ್ಲಿ ಬರುತ್ತದೆ' ಅನ್ನುವ ಮಾಲೀಕ ಸಿಕ್ಕರೆ ಮಾತು ಅಲ್ಲಿಗೇ ನಿಲ್ಲಿಸಿ. ಅದು ಹಳೇ ಮೋಸ.

3. ವಿಳಾಸ ನೋಂದಣಿ

ಮನೆ ಸೇರಿದ ಎರಡು ವಾರದೊಳಗೆ ಊರಿನ ರಾಟ್‌ಹೌಸ್‌ನಲ್ಲಿ, ಅಂದರೆ ಪುರಸಭೆ ಕಚೇರಿಯಲ್ಲಿ, ವಿಳಾಸ ಬರೆಸಬೇಕು. ಇದೇ ಆನ್‌ಮೆಲ್ಡುಂಗ್. ಬಾಡಿಗೆ ಕರಾರು ಹಿಡಿದುಕೊಂಡು ಹೋಗಿ ಬರಿಗೈಲಿ ವಾಪಸ್ ಬಂದವರನ್ನು ಎಷ್ಟೋ ನೋಡಿದ್ದೇನೆ. ಕರಾರು ಸಾಲದು. 2015ರ ನವೆಂಬರ್‌ನಿಂದ ಮನೆ ಕೊಟ್ಟವರು ಸಹಿ ಹಾಕಿದ ಬೇರೆಯೇ ಒಂದು ಚೀಟಿ ಬೇಕು. ಹೆಸರು ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್. ಹೇಳಲು ಹೋಗಿ ನಾಲಿಗೆ ತಿರುಚಿಕೊಳ್ಳಬೇಡಿ, ಫೋನಿನಲ್ಲಿ ತೋರಿಸಿ. ಬೀಗದ ಕೈ ಕೊಡುವ ದಿನವೇ ಸಹಿ ಹಾಕಿಸಿಕೊಳ್ಳಿ. ಈ ಚೀಟಿ ಕೊಡಲ್ಲ ಅನ್ನುವ ಮನೆ ಎಷ್ಟೇ ಅಗ್ಗವಾದರೂ ಬೇಡ.

ಮುಂದಿನ ತೊಡಕು ನಮ್ಮ ಇನಿಷಿಯಲ್. ಕರಾರಿನಲ್ಲಿ ಎಚ್.ಎಸ್. ಅಂತಿರುತ್ತದೆ, ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಬಿಡಿಸಿ ಬರೆದಿರುತ್ತದೆ. ಕರಾರು, ಚೀಟಿ, ಬ್ಯಾಂಕ್ ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ, ಅಕ್ಷರ ತಪ್ಪದೆ ಬರೆಸಿ. ಅದೇ ಹೆಸರನ್ನು ಪೋಸ್ಟ್ ಡಬ್ಬಿಗೂ ಕಾಲಿಂಗ್ ಬೆಲ್ ಪಕ್ಕಕ್ಕೂ ಅಂಟಿಸಿ, ಅವತ್ತೇ. ಅಲ್ಲಿ ವಿಳಾಸದಲ್ಲಿ ಫ್ಲಾಟ್ ನಂಬರ್ ಬರೆಯುವ ರೂಢಿ ಕಡಿಮೆ. ಪೋಸ್ಟ್‌ಮ್ಯಾನ್ ಹೆಸರು ನೋಡಿಯೇ ಕಾಗದ ಹಾಕುವುದು. ಹೆಸರಿಲ್ಲ ಅಂದರೆ ಕಾಗದ ವಾಪಸ್.

ಹಾಗೆ ವಾಪಸ್ ಹೋಗುವುದರಲ್ಲಿ ನಿಮ್ಮ 11 ಅಂಕಿಯ ತೆರಿಗೆ ನಂಬರೂ ಇರುತ್ತದೆ. ನೋಂದಣಿಯಾದ ಕೆಲವು ವಾರಕ್ಕೆ ಅದು ಪೋಸ್ಟಿನಲ್ಲೇ ಬರುವುದು. ಆ ನಂಬರ್ ಕೊಡದೇ ಇದ್ದರೆ ಕಂಪನಿ ಆರನೇ ತೆರಿಗೆ ವರ್ಗದಲ್ಲಿ ಸಂಬಳ ಕಡಿಯಬೇಕಾಗಿ ಬರಬಹುದು. ಎಲ್ಲಕ್ಕಿಂತ ಜಾಸ್ತಿ ಕಡಿತ ಇರುವುದು ಅದರಲ್ಲೇ. ಆಮೇಲೆ ಸರಿಮಾಡಿಸಬಹುದು, ನಿಜ. ಆದರೆ ಮೊದಲ ತಿಂಗಳೇ ಕೈ ಬಿಗಿಯಾಗುತ್ತದಲ್ವಾ?

ಫಾರಂನಲ್ಲಿ ಧರ್ಮದ ಕಾಲಂ ಇರುತ್ತದೆ. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟೆಂಟ್ ಅಂತ ಬರೆದರೆ ಚರ್ಚ್ ತೆರಿಗೆ ಶುರು, ಆದಾಯ ತೆರಿಗೆಯ ಮೇಲೆ ಶೇ 8 ಅಥವಾ 9. ಮಂಗಳೂರಿನ ಗೆಳೆಯರು ಇದನ್ನು ತಿಳಿದುಕೊಂಡೇ ಹೋಗಿ.

ಸಣ್ಣ ಊರಿನ ಕಚೇರಿ ಕೆಲವು ದಿನ ಮಧ್ಯಾಹ್ನಕ್ಕೇ ಮುಚ್ಚುತ್ತದೆ. ಮೊದಲೇ ಸಮಯ ಕೇಳಿಕೊಳ್ಳಿ, ಜರ್ಮನ್ ಬರುವ ಸಹೋದ್ಯೋಗಿಯನ್ನು ಕರೆದುಕೊಂಡು ಹೋಗಿ. ಸಣ್ಣದೊಂದು ಫಾರಂ ತುಂಬಿಸುವುದಕ್ಕೆ 'ಪ್ಯಾಕೇಜ್' ಮಾರುವ ಏಜೆಂಟರಿಗೆ ದುಡ್ಡು ಸುರಿಯುವುದು ದಂಡ. ನೋಂದಣಿ ಸಾಮಾನ್ಯವಾಗಿ ಉಚಿತ. ವಾಸದ ಪರವಾನಗಿ ಮಾತ್ರ ಇಲ್ಲಿ ಆಗುವುದಿಲ್ಲ, ಅದಕ್ಕೆ ಹೆಚ್ಚಾಗಿ ಜಿಲ್ಲಾ ಕೇಂದ್ರದ ಲಾಂಡ್‌ರಾಟ್ಸ್‌ಆಮ್ಟ್‌ಗೆ, ಅಂದರೆ ಜಿಲ್ಲಾಡಳಿತ ಕಚೇರಿಗೆ, ಹೋಗಬೇಕು.

4. ಆರೋಗ್ಯ ವಿಮೆ

ಸಾರ್ವಜನಿಕ ವಿಮೆಯನ್ನೇ ಆರಿಸಿ. ಚಿಕ್ಕ ವಯಸ್ಸಿನವರಿಗೆ ಖಾಸಗಿಯದು ಅಗ್ಗ ಅಂತ ಆಸೆ ತೋರಿಸುತ್ತಾರೆ. ಒಮ್ಮೆ ಆ ಕಡೆ ಹೋದರೆ ವಾಪಸ್ ಬರುವುದು ಕಷ್ಟ, 55 ದಾಟಿದ ಮೇಲಂತೂ ಹೆಚ್ಚುಕಡಿಮೆ ಬಾಗಿಲು ಮುಚ್ಚಿದಂತೆ.

5. ಕೆಲಸದ ಮೊದಲ ವಾರ

ಐದು ನಿಮಿಷ ಮುಂಚೆ ಹೋಗಿ. ಮಧ್ಯಾಹ್ನ ಎದುರಾದವರು 'ಮಾಲ್‌ತ್ಸೈಟ್' ಅಂತ ಹೇಳಿದರೆ ನೀವೂ ಹಾಗೇ ಅನ್ನಿ, ಅದು ಊಟದ ಹೊತ್ತಿನ ನಮಸ್ಕಾರ. ಹೊಸಬರು ಒಂದಿನ ಕೇಕ್ ತಂದು ಎಲ್ಲರಿಗೂ ಹಂಚುವ ಪದ್ಧತಿಯಿದೆ. ಕೇಸರಿಬಾತ್ ಆದರೂ ನಡೆಯುತ್ತದೆ. ಹುಷಾರಿಲ್ಲದಿದ್ದರೆ ಕೆಲಸ ಶುರುವಾಗುವ ಮುಂಚೆಯೇ ತಿಳಿಸಿ. ಮೂರು ದಿನ ದಾಟಿದರೆ ಡಾಕ್ಟರ್ ಸರ್ಟಿಫಿಕೇಟ್ ಬೇಕು, ಕಂಪನಿ ಅದಕ್ಕಿಂತ ಮುಂಚೆಯೂ ಕೇಳಬಹುದು.

ಇಷ್ಟರಲ್ಲಿ ಪೋಸ್ಟ್ ಡಬ್ಬಿಗೆ ರೇಡಿಯೋ-ಟಿವಿ ಶುಲ್ಕದ ಕಾಗದ ಬಂದು ಬೀಳುತ್ತದೆ, ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ. ಟಿವಿಯೇ ಇಲ್ಲ, ಯಾರೋ ಮೋಸ ಮಾಡುತ್ತಿದ್ದಾರೆ ಅಂತ ಹರಿದು ಬಿಸಾಡಬೇಡಿ. ಟಿವಿ ಇರಲಿ ಬಿಡಲಿ, ಕಟ್ಟಲೇಬೇಕು. ಮನೆಯಲ್ಲಿ ಮೂವರಿದ್ದರೆ ಒಬ್ಬರು ಕಟ್ಟಿದರೆ ಸಾಕು. ಯಾರ ಹೆಸರಲ್ಲಿ ಅಂತ ಮೊದಲೇ ಮಾತಾಡಿಕೊಳ್ಳಿ.