ಅಜ್ಜಿಯ ಮರೆವು, ಮಲ್ಲಿಗೆ ಮತ್ತು ನಮ್ಮ ದಿನಚರಿ

ಮರೆವಿನ ಕಾಯಿಲೆ ಇರುವ ಹಿರಿಯರನ್ನು ‘ನಾನು ಯಾರು, ಹೇಳಿ ನೋಡೋಣ’ ಎಂದು ಕೇಳುವುದನ್ನು ಮೊದಲು ನಿಲ್ಲಿಸಬೇಕು. ನಮ್ಮ ಮನೆಗೆ ಬರುವ ನೆಂಟರು ಅಜ್ಜಿಯ ಪಕ್ಕ ಕುಳಿತ ಕೂಡಲೇ ಕೇಳುತ್ತಿದ್ದುದು ಇದನ್ನೇ. ಪ್ರೀತಿಯಿಂದಲೇ ಕೇಳುತ್ತಿದ್ದರು. ಆದರೆ ಉತ್ತರ ಹೊಳೆಯದೆ ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ತಲೆ ತಗ್ಗಿಸುವುದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಈಗ ಬಂದವರಿಗೆ ಅಂಗಳದಲ್ಲೇ ಹೇಳಿಬಿಡುತ್ತೇನೆ: ಹೆಸರು, ಸಂಬಂಧ ಎರಡನ್ನೂ ನೀವೇ ಮೊದಲು ಹೇಳಿಕೊಳ್ಳಿ, ಆಮೇಲೆ ಮಾತು ತಾನಾಗಿ ಬರುತ್ತದೆ. ಕಾಲೇಜಿನಿಂದ ಬಂದಾಗ ನಾನು ಮಾಡುವುದೂ ಅದನ್ನೇ. ‘ಅಜ್ಜಿ, ನಾನು ನಿಮ್ಮ ದೊಡ್ಡ ಮಗನ ಮಗಳು. ಈಗಷ್ಟೇ ಬಸ್ ಇಳಿದು ಬಂದೆ.’ ಒಮ್ಮೊಮ್ಮೆ ಅವರ ಮುಖ ಅರಳುತ್ತದೆ. ಒಮ್ಮೊಮ್ಮೆ ಅಪರಿಚಿತಳಿಗೆ ಹೇಳುವಷ್ಟೇ ಮರ್ಯಾದೆಯಿಂದ ‘ಕುಳಿತುಕೊಳ್ಳಿ’ ಎನ್ನುತ್ತಾರೆ. ಕುಳಿತುಕೊಳ್ಳುತ್ತೇನೆ.

ನಮ್ಮದು ಉಡುಪಿ ಜಿಲ್ಲೆಯ ಶಂಕರಪುರದ ಕಡೆ. ಇಲ್ಲಿ ಬಹಳಷ್ಟು ಮನೆಗಳು ಮಲ್ಲಿಗೆಯಿಂದ ಬದುಕಿವೆ, ನಮ್ಮದೂ ಹಾಗೆಯೇ. ಅಜ್ಜಿ ಬೆಳಿಗ್ಗೆ ಮೊಗ್ಗು ಕೊಯ್ದು, ಜಗಲಿಯಲ್ಲಿ ಕುಳಿತು ಬಾಳೆನಾರಿನಲ್ಲಿ ಕಟ್ಟಿ, ಹೊತ್ತು ಮೀರುವ ಮೊದಲು ಹೂ ಕೊಳ್ಳುವ ಕಟ್ಟೆಗೆ ಮುಟ್ಟಿಸುತ್ತಿದ್ದರು. 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಈ ಲೆಕ್ಕ ಅವರಿಗೆ ಉಸಿರಾಟದಷ್ಟು ಸಹಜವಾಗಿತ್ತು. ಆದ್ದರಿಂದ ಎಣಿಸಿದ ಚೆಂಡನ್ನೇ ಬಿಚ್ಚಿ ಮತ್ತೆ ಎಣಿಸತೊಡಗಿದಾಗ, ‘ಹೂ ಕಟ್ಟೆಗೆ ಹೋಯಿತಾ?’ ಎಂದು ಒಂದೇ ಬೆಳಿಗ್ಗೆ ಮತ್ತೆ ಮತ್ತೆ ಕೇಳಿದಾಗ ಅಮ್ಮನಿಗೆ ಅನುಮಾನ ಬಂತು. ಊರಿನವರು ‘ವಯಸ್ಸಾಯಿತಲ್ಲ, ಅರಳು ಮರಳು’ ಎಂದರು. ಅಮ್ಮ ಆ ಮಾತಿಗೆ ಸುಮ್ಮನಾಗಲಿಲ್ಲ. ಅದಕ್ಕಾಗಿ ಅಮ್ಮನಿಗೆ ನಾನು ಯಾವತ್ತೂ ಋಣಿ.

ವೈದ್ಯರು ಮೊದಲು ರಕ್ತ ಪರೀಕ್ಷೆ ಬರೆದುಕೊಟ್ಟರು. ಬಿ12 ವಿಟಮಿನ್ ಕೊರತೆಯಿಂದಲೂ ಥೈರಾಯ್ಡ್ ತೊಂದರೆಯಿಂದಲೂ ಇಂಥದೇ ಮರೆವು ಬರಬಹುದು, ಅವನ್ನು ಚಿಕಿತ್ಸೆಯಿಂದ ಸರಿಪಡಿಸಬಹುದು ಎಂದರು. ನಮ್ಮ ಅಜ್ಜಿಗೆ ಅವೆರಡೂ ಇರಲಿಲ್ಲ. ಸ್ಕ್ಯಾನ್ ಆದ ಮೇಲೆ ಇದು ಆಲ್ಝೈಮರ್ ಎಂಬ ಮೆದುಳಿನ ಕಾಯಿಲೆ ಎಂದು ತಿಳಿಯಿತು. ಕೊಟ್ಟ ಮಾತ್ರೆ ಲಕ್ಷಣಗಳನ್ನು ಸ್ವಲ್ಪ ಮಟ್ಟಿಗೆ ಹತೋಟಿಯಲ್ಲಿ ಇಡಬಹುದು, ಗುಣ ಮಾಡುವುದಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿದರು. ದೇಶದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ (ಆಲ್ಝೈಮರ್‌ನಂಥ ಮರೆವಿನ ಕಾಯಿಲೆ) ಇದೆ ಎಂದು 2023ರಲ್ಲಿ ಪ್ರಕಟವಾದ ಅಂದಾಜೊಂದನ್ನು ಆಮೇಲೆ ಓದಿದೆ. ಅಷ್ಟು ಮನೆಗಳಲ್ಲಿ ನನ್ನಂಥ ಎಷ್ಟು ಮಕ್ಕಳು ಪುಸ್ತಕ ಮಡಚಿಟ್ಟು ಎದ್ದು ಹೋಗುತ್ತಿರಬಹುದು ಎಂದು ಆ ರಾತ್ರಿ ಯೋಚಿಸುತ್ತಾ ಮಲಗಿದ್ದೆ.

ನಾನು ಬಿ.ಎಸ್ಸಿ. ವಿದ್ಯಾರ್ಥಿನಿ. ಹೊಸ ನೆನಪುಗಳನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗಕ್ಕೆ ಈ ಕಾಯಿಲೆ ಬಹುಬೇಗ ಪೆಟ್ಟು ಕೊಡುತ್ತದೆ, ಕೈಗೆ ರೂಢಿಯಾದ ಕೆಲಸಗಳ ನೆನಪು ಬೇರೆ ಭಾಗಗಳನ್ನು ಅವಲಂಬಿಸಿರುವುದರಿಂದ ಹೆಚ್ಚು ಕಾಲ ಉಳಿಯಬಹುದು ಎಂದು ಓದಿದ ದಿನವೇ ನನಗೆ ಬಾಳೆನಾರು ನೆನಪಾಯಿತು. ಅಷ್ಟರಲ್ಲಿ ನಮ್ಮ ಗಿಡಗಳು ಕಡಿಮೆಯಾಗಿದ್ದವು. ಪಕ್ಕದ ಮನೆಯ ಅಕ್ಕ ವಿಷಯ ಕೇಳಿ, ತಮ್ಮ ಗಿಡದ ಮೊಗ್ಗನ್ನು ಬೆಳಿಗ್ಗೆ ಒಂದು ಬುಟ್ಟಿಯಲ್ಲಿ ತಂದಿಟ್ಟರು.

ಅಜ್ಜಿಯ ಮುಂದೆ ಎರಡೇ ವಸ್ತು ಇಟ್ಟೆ: ಮೊಗ್ಗಿನ ತಟ್ಟೆ, ನೀರಿನಲ್ಲಿ ನೆನೆಸಿ ಸಣ್ಣಗೆ ಸೀಳಿದ ನಾರು. ‘ಕಟ್ಟಿ’ ಎನ್ನಲಿಲ್ಲ. ಪಕ್ಕದಲ್ಲಿ ಕುಳಿತು ನಾನೇ ಶುರು ಮಾಡಿದೆ. ಅಜ್ಜಿ ನನ್ನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ನಾರಿನ ತುದಿಯನ್ನು ಎಳೆದುಕೊಂಡು, ತೊಟ್ಟುಗಳನ್ನು ಜೋಡಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು, ಸುತ್ತು ಹಾಕಿ ಬಿಗಿದರು. ಒಂದು ಮೊಗ್ಗೂ ಜಾರಲಿಲ್ಲ. ನನ್ನದನ್ನು ತೋರಿಸಿ, ‘ಇದು ಸಡಿಲ, ಕಟ್ಟೆಯಲ್ಲಿ ತೆಗೆದುಕೊಳ್ಳುವುದಿಲ್ಲ’ ಎಂದರು. ನನ್ನ ಹೆಸರು ಮರೆತವರು ನನ್ನ ಗಂಟನ್ನು ತಿದ್ದಿದ ಆ ಬೆಳಿಗ್ಗೆ ನನಗಾದ ಸಂತೋಷ ಇಷ್ಟಿಷ್ಟಲ್ಲ. ಆವತ್ತಿನಿಂದ ಹೂ ಕಟ್ಟುವುದು ನಮ್ಮ ಬೆಳಗಿನ ಪಾಠ. ಅವರು ಗುರು, ನಾನು ಶಿಷ್ಯೆ. ಎಣಿಕೆ ಮಾತ್ರ ಅಮ್ಮನದು.

ಉಳಿದ ದಿನಚರಿಯನ್ನೂ ಹೀಗೆಯೇ ಸಣ್ಣದಾಗಿ ಕತ್ತರಿಸಿಕೊಂಡೆವು. ಸ್ನಾನದ ಹೊತ್ತಿನಲ್ಲಿ ಒಂದು ಸಲಕ್ಕೆ ಒಂದೇ ಮಾತು. ಬಿಳಿ ತಟ್ಟೆಯಲ್ಲಿ ಬಿಳಿ ಅನ್ನ ಅವರ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ, ಹಾಗಾಗಿ ಬಣ್ಣದ ತಟ್ಟೆ. ರಾತ್ರಿ ಕುಚ್ಚಲಕ್ಕಿ ಗಂಜಿ. ಹಿತ್ತಲ ಬಾಗಿಲಿಗೆ ಗೆಜ್ಜೆ ಕಟ್ಟಿದ್ದೇವೆ, ಅವರು ರಾತ್ರಿ ಎದ್ದು ಹೊರಟರೆ ನಮಗೆ ಎಚ್ಚರವಾಗುತ್ತದೆ. ಕತ್ತಿನ ದಾರದಲ್ಲಿ ಮನೆಯ ಫೋನ್ ಸಂಖ್ಯೆ ಇರುವ ಚೀಟಿ ಇದೆ.

ಕಷ್ಟದ ಹೊತ್ತೆಂದರೆ ಮುಸ್ಸಂಜೆ. ಬೆಳಕು ಇಳಿಯುತ್ತಿದ್ದಂತೆ ಅಜ್ಜಿಗೆ ಚಡಪಡಿಕೆ ಶುರುವಾಗುತ್ತದೆ. ‘ಮನೆಗೆ ಹೋಗಬೇಕು, ಅಮ್ಮ ಕಾಯುತ್ತಿರುತ್ತಾರೆ’ ಎನ್ನುತ್ತಾರೆ. ಇದೇ ನಿಮ್ಮ ಮನೆ, ನಿಮ್ಮ ಅಮ್ಮ ತೀರಿಹೋಗಿ ಎಷ್ಟೋ ವರ್ಷವಾಯಿತು ಎಂದು ಹೇಳಿದರೆ ಆ ಸಾವಿನ ಸುದ್ದಿಯನ್ನು ಅವರು ಈಗಷ್ಟೇ ಕೇಳಿದಂತಾಗುತ್ತದೆ. ಅಷ್ಟು ದುಃಖವನ್ನು ದಿನವೂ ಯಾಕೆ ಕೊಡಬೇಕು? ಅದಕ್ಕೇ ಕತ್ತಲಾಗುವ ಮೊದಲೇ ಎಲ್ಲ ದೀಪ ಹಾಕುತ್ತೇನೆ, ಕೈ ಹಿಡಿದು ಅಂಗಳಕ್ಕೆ ಸುತ್ತು ಬರುತ್ತೇನೆ, ‘ನಿಮ್ಮ ಅಮ್ಮ ಏನು ಅಡುಗೆ ಮಾಡುತ್ತಿದ್ದರು?’ ಎಂದು ಕೇಳುತ್ತೇನೆ. ಬಸಳೆ ಚಪ್ಪರದವರೆಗೆ ಹೋಗಿ ಬರುವಷ್ಟರಲ್ಲಿ ಮಾತು ಅಡುಗೆಯ ಕಡೆ ಹೊರಳಿರುತ್ತದೆ.

ಪರೀಕ್ಷೆಯ ದಿನಗಳಲ್ಲಿ ಓದಲು ಹೊತ್ತು ಸಿಗದೆ ಕೋಪ ಬಂದದ್ದೂ ಇದೆ. ಅಂಥ ಒಂದು ದಿನ ಬೀರು ಒರೆಸುವಾಗ ಅಜ್ಜಿಯ ಹೂವಿನ ಲೆಕ್ಕದ ಪುಸ್ತಕ ಸಿಕ್ಕಿತು. ತಾರೀಕು, ಚೆಂಡು, ದರ. ಮಳೆಗಾಲದ ಪುಟಗಳಲ್ಲಿ ಹೂ ಕಡಿಮೆ, ನಾಗರ ಪಂಚಮಿಯ ಹತ್ತಿರ ದರ ಜೋರು. ಅಂಥ ಒಂದು ಪುಟದ ಅಂಚಿನಲ್ಲಿ ಓರೆ ಅಕ್ಷರದಲ್ಲಿ ‘ಹುಡುಗಿಯ ಶಾಲೆ ಫೀಸು’ ಎಂದಿತ್ತು. ಆ ಹುಡುಗಿ ನಾನು. ಈ ಹಣದ ವಿಷಯವನ್ನು ಅಜ್ಜಿ ಯಾರಿಗೂ ಹೇಳಿರಲಿಲ್ಲ. ಪುಸ್ತಕ ಹಿಡಿದು ಹೋಗಿ ಕೈ ಮುಗಿದು ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ, ನನ್ನ ಕಣ್ಣು ಒರೆಸಿ ‘ಊಟ ಆಯಿತಾ?’ ಎಂದರು. ಆ ಪುಸ್ತಕವನ್ನು ಈಗ ಗಟ್ಟಿಯಾಗಿ ಓದಿ ಹೇಳುತ್ತೇನೆ. ದರ ಕೇಳಿದರೆ ಅವರ ಕಣ್ಣು ಚುರುಕಾಗುತ್ತದೆ.

ಮುಂಬೈಯ ಚಿಕ್ಕಪ್ಪನೂ ಈಗ ವಿಡಿಯೊ ಕರೆಯಲ್ಲಿ ‘ನಾನು ಯಾರು?’ ಎಂದು ಕೇಳುವುದಿಲ್ಲ, ‘ಇವತ್ತು ಅಟ್ಟೆಗೆ ಎಷ್ಟು?’ ಎನ್ನುತ್ತಾರೆ. ಅಜ್ಜಿ ಯಾವುದೋ ಹಳೆಯ ವರ್ಷದ ದರ ಹೇಳುತ್ತಾರೆ, ಚಿಕ್ಕಪ್ಪ ಅದು ಕಡಿಮೆಯಾಯಿತು ಎಂದು ವಾದಿಸುತ್ತಾರೆ, ಇಬ್ಬರಿಗೂ ಹುರುಪು ಬರುತ್ತದೆ. ಭಾನುವಾರ ಮಾತ್ರ ಆ ಕರೆಯನ್ನು ಉದ್ದ ಎಳೆಯಿರಿ ಎಂದು ಅವರನ್ನು ಕೇಳಿಕೊಂಡಿದ್ದೇನೆ. ವಾರವಿಡೀ ಅತ್ತೆಯ ಹಿಂದೆಯೇ ಓಡಾಡುವ ಅಮ್ಮ ಆವತ್ತು ತವರಿಗೆ ಹೋಗಿ ಬರುತ್ತಾರೆ.